ಡೇರಿ ಜಗಲಿಯ ಇಂಗ್ಲಿಷ್

ಹಳ್ಳಿಯಲ್ಲಿ ಇಂಗ್ಲಿಷ್ ಮೇಷ್ಟರಾದವನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ವಿಳಾಸ ವಿಚಾರಿಸಿಕೊಂಡು ಮನೆಗೆ ಬರುತ್ತವೆ, ಕಾಫಿ ಕುಡಿದು ಹೋಗುತ್ತವೆ, ಮುಂದಿನ ವಾರ ನೆಂಟರನ್ನೂ ಕರೆದುಕೊಂಡು ಬರುತ್ತವೆ. ಗಣಿತದ ಮೇಷ್ಟರಿಗೂ ಹೀಗೆಲ್ಲ ಆಗುತ್ತದೆಂದು ಕೇಳಿದ್ದೇನೆ. ಆದರೆ ಅವರು ನಗುವುದಿಲ್ಲವಾದ್ದರಿಂದ ಸುದ್ದಿ ಹೊರಗೆ ಬಂದಿಲ್ಲ.

ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಕೊನೆಯ ಮಾತು. ಬಿಳಿಕೆರೆಯಿಂದ ಮೂರು ಮೈಲಿ ಒಳಗಿರುವ ಊರಿನ ಹೈಸ್ಕೂಲಿನಲ್ಲಿದ್ದೆ. ಆ ವರ್ಷ ಮೈಸೂರಿನಲ್ಲಿ ನಮಗೆಲ್ಲ ಐದು ದಿನದ ತರಬೇತಿ ಕೊಟ್ಟರು. ಅದರ ಸಾರ ಇಷ್ಟು: ಪದಗಳನ್ನು ಪಟ್ಟಿ ಮಾಡಿ ಉರು ಹೊಡೆಸಬೇಡಿ, ಇಂಗ್ಲಿಷ್ ಪತ್ರಿಕೆಯ ಸುದ್ದಿ ತೆಗೆದುಕೊಳ್ಳಿ, ಅಲ್ಲಿ ಪದ ಹೇಗೆ ಬದುಕಿದೆಯೆಂದು ತೋರಿಸಿ, ಆಮೇಲೆ ಅದನ್ನು ಕಲಿಯುವವರ ಬದುಕಿನೊಳಕ್ಕೆ ಬಿಟ್ಟುಬಿಡಿ. ಬಿಟ್ಟ ಮೇಲೆ ಏನಾಗುತ್ತದೆ ಎಂಬುದು ಐದನೆಯ ದಿನ ಮಧ್ಯಾಹ್ನದ ಪಾಠದಲ್ಲಿತ್ತು. ಅಂದು ನಾವೆಲ್ಲ ಬಸ್ಸು ಹಿಡಿಯಲು ಬೇಗ ಹೊರಟಿದ್ದೆವು.

ನಮ್ಮೂರಿನಲ್ಲಿ ‘ಇಂಗ್ಲಿಷ್ ಒಂದು ಹೋಗಿದೆ’ ಎನ್ನುವವರದೇ ಒಂದು ಪಂಗಡವಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಮಿಕ್ಕ ಐದು ವಿಷಯ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ಫೇಲಾದವರು. ಇವರನ್ನು ಫೇಲಾದವರು ಎಂದು ಯಾರೂ ಕರೆಯುತ್ತಿರಲಿಲ್ಲ. ಇಂಗ್ಲಿಷೇ ಎಲ್ಲಿಗೋ ಹೋಗಿದೆ, ಬರುತ್ತದೆ ಎಂಬ ಭಾವನೆ. ಅಂಥ ಏಳು ಜನರನ್ನು ಸೇರಿಸಿ, ಭಾನುವಾರ ಬೆಳಿಗ್ಗೆ ಹಾಲು ಅಳೆದಾದ ಮೇಲೆ ಹಾಲಿನ ಡೇರಿಯ ಜಗಲಿಯ ಮೇಲೆ ಪಾಠ ಶುರು ಮಾಡಿದೆ.

ಏಳು ಜನರಲ್ಲಿ ನಿಜವಾಗಿ ಓದುವ ಅಗತ್ಯವಿದ್ದವರು ಒಬ್ಬರೇ, ಡೇರಿಯ ಟೆಸ್ಟರಮ್ಮ. ಬಂದ ಹಾಲನ್ನು ಪರೀಕ್ಷೆ ಮಾಡುವುದು ಇವರ ಕೆಲಸ. ಹಾಲಿಗೆ ಬೆರಳು ಅದ್ದಿ, ಬೆರೆಸಿದ ನೀರು ಯಾರ ಮನೆ ಬಾವಿಯದು ಎಂದು ಹೇಳುತ್ತಿದ್ದರು. ಡೇರಿಯ ಕಾರ್ಯದರ್ಶಿಗಳು ಮುಂದಿನ ಯುಗಾದಿ ಕಳೆದ ಮೇಲೆ ನಿವೃತ್ತರಾಗುವವರಿದ್ದರು. ಆ ಜಾಗಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕೆಂದು ನಿಯಮ. ಟೆಸ್ಟರಮ್ಮನಿಗೆ ಇಂಗ್ಲಿಷ್ ಹೋಗಿತ್ತು. ಅದೇ ಜಾಗದ ಮೇಲೆ ಕಣ್ಣಿಟ್ಟಿದ್ದ ಇನ್ನೊಬ್ಬ ಡೇರಿ ಅಧ್ಯಕ್ಷರ ಬಾಮೈದ. ಅಕ್ಕನ ಮನೆಯಲ್ಲೇ ಇದ್ದುಕೊಂಡು, ಆ ಮನೆಯ ಹಾಲನ್ನು ಡೇರಿಗೆ ತಂದು ಹಾಕುತ್ತಿದ್ದ. ಅವನಿಗೂ ಇಂಗ್ಲಿಷ್ ಹೋಗಿತ್ತು. ಇಬ್ಬರೂ ಪಾಸಾಗದಿದ್ದರೆ ಬಾಮೈದನನ್ನು ತಾತ್ಕಾಲಿಕವಾಗಿ ಕೂರಿಸುವುದು ಎಂದು ಅಧ್ಯಕ್ಷರು ತೀರ್ಮಾನಿಸಿದ್ದರು. ನಮ್ಮ ತಾಲ್ಲೂಕಿನಲ್ಲಿ ತಾತ್ಕಾಲಿಕ ಎಂದರೆ ಅರವತ್ತು ವಯಸ್ಸಾಗುವವರೆಗೆ.

“ಅವ್ನೇನಾರ ಆ ಕುರ್ಚಿ ಮ್ಯಾಲೆ ಕುಂತ್ರೆ, ಅವ್ರ ಮನೆ ನೀರ್ಗೆ ಹಾಲು ಅಂತ ನಾನೇ ಚೀಟಿ ಬರ್ಕೊಡ್ಬೇಕಾಯ್ತದೆ ಸಾ,” ಎಂದರು ಟೆಸ್ಟರಮ್ಮ ಮೊದಲ ದಿನ. “ಅದೊಂದು ಆಗಕಿಲ್ಲ. ನಂಗೆ ಮೂವತ್ತೈದು ನಂಬರ್ ಕೊಡ್ಸಿ ಸಾಕು.”

೧. ಖಂಡನೆ

ನಮ್ಮೂರಿಗೆ ಇಂಗ್ಲಿಷ್ ಪತ್ರಿಕೆ ಬರುತ್ತಿರಲಿಲ್ಲ. ಬಸ್ ನಿಲ್ದಾಣದ ಬೋಂಡದಂಗಡಿಯವನೇ ಪತ್ರಿಕೆಯ ಏಜೆಂಟ್. ದಿನಾ ಒಂದು ಇಂಗ್ಲಿಷ್ ಪೇಪರ್ ತರಿಸಿಕೊಡು ಎಂದಾಗ ಅವನು ಬಾಣಲೆಯಿಂದ ಜಾಲರಿ ಎತ್ತಿ, ದನಿ ತಗ್ಗಿಸಿ ಕೇಳಿದ: “ಕೋರ್ಟಲ್ಲಿ ಕೇಸೇನಾರ ಅದಾ ಸಾ?”

“ಕೇಸಿಲ್ಲಪ್ಪ. ಓದೋಕೆ.”

“ಬುಡಿ ಸಾ, ನನ್ಗೆ ಏಳ್ಬಾರ್ದು ಅಂದ್ರೆ ಏಳ್ಬೇಡಿ.”

ಪತ್ರಿಕೆ ಏಳು ಗಂಟೆಯ ಬಸ್ಸಿಗೆ ಬರುತ್ತಿತ್ತು. ನಾನು ಹೋಗುತ್ತಿದ್ದುದು ಎಂಟಕ್ಕೆ. ಆ ಒಂದು ಗಂಟೆಯಲ್ಲಿ ಅವನು ಅದನ್ನು ತಿರುವಿ ನೋಡಿ, ಉಪಯೋಗವಿಲ್ಲದ ಹಾಳೆ ಯಾವುದೆಂದು ತಾನೇ ತೀರ್ಮಾನಿಸಿ, ಅದರಲ್ಲಿ ಬೋಂಡ ಕಟ್ಟಿಬಿಡುತ್ತಿದ್ದ. ಕೇಳಿದರೆ, “ಅದ್ರಲ್ಲಿ ಒಂದು ಫೋಟೋನೂ ಇರ್ನಿಲ್ಲ ಸಾ. ನಿಮ್ಗ್ಯಾಕೆ ಅಂತ ತಗುದ್ಬುಟ್ಟೆ” ಎನ್ನುತ್ತಿದ್ದ. ಹೀಗಾಗಿ ನಾನು ಆ ಕಾಲದಲ್ಲಿ ಸಂಪಾದಕೀಯ ಓದಬೇಕಾದರೆ ಬಸ್ಸಿಗೆ ಕಾಯುತ್ತಿದ್ದವರ ಕೈಯಿಂದ ಪೊಟ್ಟಣ ಈಸಿಕೊಳ್ಳಬೇಕಿತ್ತು. ನಾನು ಬೋಂಡಕ್ಕೆ ಆಸೆಪಡುತ್ತಿದ್ದೇನೆಂದು ತಿಳಿದು ಅವರು ಒಂದೊಂದು ಕೊಡುತ್ತಲೂ ಇದ್ದರು. ವಾರದಲ್ಲಿ ನಾನು ಒಂದೂವರೆ ಕೆಜಿ ಹೆಚ್ಚಾದೆ. ಜ್ಞಾನ ಅಷ್ಟಾಗಿ ಹೆಚ್ಚಲಿಲ್ಲ.

ಮೊದಲ ಪಾಠಕ್ಕೆ ನಾನು ಆರಿಸಿಕೊಂಡ ಪದ ‘ಕಂಡೆಮ್ನ್’, ಅಂದರೆ ಖಂಡಿಸು. ಸಚಿವರೊಬ್ಬರು ಯಾವುದೋ ಘಟನೆಯನ್ನು ಕಟುವಾಗಿ ಖಂಡಿಸಿದ ಸುದ್ದಿ. ಆದರೆ ಕಟುವಾಗಿ ಖಂಡಿಸಿದರು ಎಂಬಲ್ಲಿಗೆ ಹಾಳೆ ಹರಿದಿತ್ತು. ಅವರು ಖಂಡಿಸಿದ್ದು ಏನನ್ನು ಎಂಬುದನ್ನು ಯಾರೋ ಹುಣಸೂರಿನವರೆಗೆ ತೆಗೆದುಕೊಂಡು ಹೋಗಿದ್ದರು. ಪಕ್ಕದ ಅಂಕಣದಲ್ಲಿ ಪ್ರೆಷರ್ ಕುಕ್ಕರಿನ ಜಾಹೀರಾತು ಇತ್ತು. ನಾನು ಚೂರನ್ನು ಜಗಲಿಯ ಕಂಬಕ್ಕೆ ಅಂಟಿಸಿ, ಪದ ಹೇಗೆ ಬದುಕಿದೆ ನೀವೇ ನೋಡಿ ಬರೆದುಕೊಳ್ಳಿ ಎಂದೆ. ಏಳು ಜನರೂ ನೋಡಿ ಬರೆದುಕೊಂಡರು: ಸಚಿವರು ಐದು ಲೀಟರಿನ ಪ್ರೆಷರ್ ಕುಕ್ಕರನ್ನು ಕಟುವಾಗಿ ಖಂಡಿಸಿದರು.

ನಾನು ತಿದ್ದಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಟೆಸ್ಟರಮ್ಮ ಕಳವಳದಿಂದ ಕೇಳಿದರು:

“ಯಾಕ್ ಸಾ, ವಿಷಲ್ ಬರ್ನಿಲ್ವಂತಾ?”

೨. ಷರಾ

ಪೊಲೀಸ್ ಸುದ್ದಿಗಳಲ್ಲಿ ‘ಅಲೆಜ್ಡ್’ ಎಂಬ ಪದ ಸಾರಿಗೆ ಉಪ್ಪಿನ ಹಾಗೆ. “ಒಬ್ಬ ಕಳ್ಳ ಅಂತ ಊರಿಗೆಲ್ಲ ಗೊತ್ತಿದ್ದರೂ ಕೋರ್ಟು ಹೇಳುವವರೆಗೆ ಪತ್ರಿಕೆಯವರು ಅವನನ್ನು ಕಳ್ಳ ಅನ್ನೋ ಹಾಗಿಲ್ಲ. ಅಲೆಜ್ಡ್ ಕಳ್ಳ ಅಂತಾರೆ. ಹಾಗಂತ ಜನ ಹೇಳ್ತಾರೆ, ನಮ್ಮನ್ನ ಕೇಳಬೇಡಿ ಅಂತ ಅರ್ಥ,” ಎಂದು ವಿವರಿಸಿದೆ. ಬಾಮೈದ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದ. ಅವನು ಪಾಠಕ್ಕೆ ಬರುತ್ತಿದ್ದುದು, ಟೆಸ್ಟರಮ್ಮ ಎಷ್ಟು ಮುಂದೆ ಹೋಗಿದ್ದಾರೆ ಎಂದು ನೋಡಲು.

ಟೆಸ್ಟರಮ್ಮ ಪೆನ್ನು ಕೆಳಗಿಟ್ಟರು. “ಅಂದ್ರೆ ನಿಜಾನೂ ಏಳ್ದಂಗಾಯ್ತು, ನಾಳೆ ಯಾರೂ ನಮ್ಮನ್ನ ಹಿಡ್ಕಳಂಗೂ ಇಲ್ಲ. ಅಲ್ವಾ ಸಾ?”

“ಹೌದು.”

“ಇಂತಾ ಒಂದು ಮಾತು ಗೊತ್ತಿಲ್ದೆ ನಾನು ಎಂಟು ವರ್ಸದಿಂದ ಒದ್ದಾಡ್ತಾ ಇವ್ನಲ್ಲ ಸಾ!”

ಅವರ ಕಷ್ಟ ಏನೆಂದು ಊರಿಗೇ ಗೊತ್ತಿತ್ತು. ಲ್ಯಾಕ್ಟೋಮೀಟರ್ ಎಂಬ ಗಾಜಿನ ಕೊಳವೆಯನ್ನು ಹಾಲಿಗೆ ಬಿಟ್ಟರೆ ತೇಲಬೇಕು. ಅಧ್ಯಕ್ಷರ ಮನೆಯ ಹಾಲಿಗೆ ಬಿಟ್ಟರೆ ಅದು ಈಜು ಬಾರದವರ ಹಾಗೆ ನೇರವಾಗಿ ತಳ ಸೇರುತ್ತಿತ್ತು. ನೀರಿದೆ ಎಂದು ಬರೆದರೆ ಅಧ್ಯಕ್ಷರು ಕೆಲಸದಿಂದ ತೆಗೆಯುತ್ತಾರೆ. ಹಾಲು ಎಂದು ಬರೆದರೆ ದೇವರು ಮೆಚ್ಚುವುದಿಲ್ಲ. ಎಂಟು ವರ್ಷದಿಂದ ಅವರು ಷರಾ ಕಾಲಮ್ಮಿನಲ್ಲಿ ಒಂದು ಚುಕ್ಕೆ ಇಟ್ಟು ಸುಮ್ಮನಾಗುತ್ತಿದ್ದರು.

ಸೋಮವಾರ ಬೆಳಿಗ್ಗೆಯಿಂದ ಚುಕ್ಕೆ ಹೋಯಿತು. ಆ ಒಂದು ಮನೆಯ ಹೆಸರಿನ ಮುಂದೆ ದಿನಾ ಎರಡು ಹೊತ್ತು ಇಂಗ್ಲಿಷಿನಲ್ಲಿ ದುಂಡಗೆ ಬರೆದರು: ಅಲೆಜ್ಡ್ ಮಿಲ್ಕ್.

ತಿಂಗಳ ಕೊನೆಗೆ ಮೈಸೂರಿನಿಂದ ಲೆಕ್ಕ ನೋಡುವ ಮೇಲ್ವಿಚಾರಕರು ಬಂದರು. ಪುಸ್ತಕ ತಿರುವಿದವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಈ ಷರಾ ಯಾರು ಬರೆದದ್ದು?”

“ನಾನೇ ಸಾ.”

“ನಾನು ಜಿಲ್ಲೇಲಿ ಬೇರೆಲ್ಲೂ ಇಂಥಾ ಷರಾ ನೋಡಿಲ್ವಲ್ಲಮ್ಮ.”

“ಇಂತಾ ಹಾಲೂ ನೋಡಿರಕಿಲ್ಲ ಸಾ.”

ಅವರು ಸಹಿ ಹಾಕಿ ಹೋದರು. ಆದರೆ ಬಾಮೈದನ ಕಣ್ಣಿಗೆ ಬಿದ್ದದ್ದು ಬೇರೆ. ಇಡೀ ಪುಸ್ತಕದಲ್ಲಿ ತಮ್ಮ ಮನೆಯ ಹಾಲಿಗೆ ಮಾತ್ರ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಬೋಂಡದಂಗಡಿಯ ಮುಂದೆ ನಿಂತು ನಾಲ್ಕು ಜನರಿಗೆ ಕೇಳುವಂತೆ ಹೇಳಿದ: “ಊರ್ನೋರ್ದೆಲ್ಲ ಬರೀ ಹಾಲು ಕಣ್ರೀ. ನಮ್ಮನೇದು ಅಲೆಜ್ಡು.”

ಮರುದಿನ ಬೆಳಿಗ್ಗೆ ಇಬ್ಬರು ಹೆಂಗಸರು ಚೊಂಬು ಹಿಡಿದು ಟೆಸ್ಟರಮ್ಮನ ಮುಂದೆ ನಿಂತರು. “ನಮ್ದೂ ಒಸಿ ಅಲೆಜ್ಡ್ ಮಾಡ್ಕೊಡವ್ವ. ಅದ್ಕೇನ್ ಆಕ್ಬೇಕೋ ಏಳು, ನಾಳೆಯಿಂದ ಆಕ್ಕಂಡೇ ತತ್ತೀವಿ.”

೩. ಮಿರ್ಲೆಯ ಚಿಕ್ಕಪ್ಪ

ಹಾಜರಿ ಕರೆದಾಗ ಬಾರದವನ ಪರವಾಗಿ ಮಿಕ್ಕವರು ‘ಬಂದಿಲ್ಲ ಸಾ’ ಎನ್ನುವುದು ವಾಡಿಕೆ. ‘ಅಬ್ಸ್‌ಕಾಂಡಿಂಗ್’ ಎಂಬ ಪದ ಹೇಳಿಕೊಟ್ಟ ವಾರದಿಂದ ಅದು ನಿಂತುಹೋಯಿತು. ತಲೆಮರೆಸಿಕೊಂಡಿರುವ ಆರೋಪಿಗೆ ಪೊಲೀಸರು ಬಲೆ ಬೀಸಿದ್ದಾರೆ ಎಂಬುದು ಉದಾಹರಣೆಗೆ ಕೊಟ್ಟ ಸುದ್ದಿ. ಅಂದಿನಿಂದ ಯಾರು ಬಾರದಿದ್ದರೂ ಜಗಲಿ ಒಕ್ಕೊರಲಿನಿಂದ ‘ಅಬ್ಸ್‌ಕಾಂಡಿಂಗ್ ಸಾ’ ಎನ್ನುತ್ತಿತ್ತು.

ಏಳು ಜನರಲ್ಲೊಬ್ಬ ಟ್ರ್ಯಾಕ್ಟರ್ ಡ್ರೈವರ್. ಹೆಗ್ಗಡದೇವನಕೋಟೆ ಕಡೆ ಉಳುಮೆಗೆ ಹೋದವನು ಎರಡು ಭಾನುವಾರ ಬರಲಿಲ್ಲ. ಎರಡನೆಯ ಭಾನುವಾರ ನಾನು ಬರುವುದಕ್ಕೆ ಮುಂಚೆಯೇ ಜಗಲಿಗೆ ಒಬ್ಬ ಹಿರಿಯರು ಬಂದು ಕೂತಿದ್ದರಂತೆ. ಕೃಷ್ಣರಾಜನಗರದ ಆಚೆ ಮಿರ್ಲೆಯವರು. ಡ್ರೈವರಿಗೆ ಹೆಣ್ಣು ಕೊಡುವ ಯೋಚನೆಯಿತ್ತು. ಹೆಣ್ಣಿನ ಚಿಕ್ಕಪ್ಪನಾದ ಇವರು ಗುಟ್ಟಾಗಿ ವಿಚಾರಿಸಿಕೊಂಡು ಹೋಗಲು ಬಂದಿದ್ದರು. ಸಿಕ್ಕಿದ್ದು ಬಾಮೈದ.

“ಹುಡ್ಗ ಈಗ ಏನ್ ಮಾಡ್ಕಂಡವ್ನೆ?”

ಬಾಮೈದ ಹೊರಗೂರಿನವರ ಮುಂದೆ ಒಂದಾದರೂ ಇಂಗ್ಲಿಷ್ ಪದ ಹಾಕದೆ ಬಿಡುವವನಲ್ಲ. “ಅಬ್ಸ್‌ಕಾಂಡಿಂಗ್,” ಎಂದ.

ಚಿಕ್ಕಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. “ಸರ್ಕಾರದ್ದಾ?”

“ಪೊಲೀಸ್ನೋರಿಗೆ ಸಂಬಂಧಪಟ್ಟಿದ್ದು.”

“ಪರ್ಮನೆಂಟಾ?”

ಬಾಮೈದ ಸುದ್ದಿಯನ್ನು ನೆನಪು ಮಾಡಿಕೊಂಡು, ಪ್ರಾಮಾಣಿಕವಾಗಿಯೇ ಉತ್ತರಿಸಿದ. “ಸಿಕ್ಕೋಗಂಟ ಪರ್ಮನೆಂಟೇ.”

ಇಷ್ಟು ಮಾತು ನಡೆದದ್ದು ನನಗೆ ಗೊತ್ತಾದದ್ದು ಲಗ್ನಪತ್ರಿಕೆ ಕೈಗೆ ಬಂದಾಗ. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಹುಡುಗನ ಹೆಸರಿನ ಮುಂದೆ ಅವನು ಓದಿದ್ದನ್ನೋ ಮಾಡುವ ಕೆಲಸವನ್ನೋ ಹಾಕದಿದ್ದರೆ ಹೆಣ್ಣಿನ ಕಡೆಯವರಿಗೆ ತಲೆ ಎತ್ತಲಾಗುವುದಿಲ್ಲ. ಮಿರ್ಲೆಯವರು ಅಚ್ಚು ಹಾಕಿಸಿದ ಪತ್ರಿಕೆಯಲ್ಲಿ ಅರಿಶಿನ ಹಚ್ಚಿದ ಅಂಚಿನೊಳಗೆ, ಚಿನ್ನದ ಬಣ್ಣದ ಅಕ್ಷರದಲ್ಲಿ, ಚಿರಂಜೀವಿ ರಾಜಶ್ರೀ ಇಂಥವನು, ಅಬ್ಸ್‌ಕಾಂಡಿಂಗ್ ಎಂದಿತ್ತು.

ಮದುವೆಗೆ ಹೋಗಿದ್ದೆ. ಮುಹೂರ್ತದ ಹೊತ್ತಿಗೆ ಮದುಮಗ ಮಂಟಪದಲ್ಲಿ ಹಾಜರಿದ್ದುದನ್ನು ಕಂಡು ಇಂಗ್ಲಿಷ್ ಬಲ್ಲ ಒಬ್ಬಿಬ್ಬರಿಗೆ ಮಾತ್ರ ಆಶ್ಚರ್ಯವಾಯಿತು.

೪. ಸ್ವಾಗತ

ಡೇರಿಯ ವಾರ್ಷಿಕ ಸಭೆಗೆ ಮೈಸೂರಿನಿಂದ ಒಬ್ಬ ದೊಡ್ಡ ಅಧಿಕಾರಿ ಬರುತ್ತಾರೆಂದಾಯಿತು. ಬಾಮೈದನ ಯೋಗ್ಯತೆಯನ್ನು ಅವರಿಗೆ ತೋರಿಸಲು ಇದೇ ಸಮಯ ಎಂದುಕೊಂಡ ಅಧ್ಯಕ್ಷರು, ಸ್ವಾಗತ ಭಾಷಣವನ್ನು ಅವನೇ ಇಂಗ್ಲಿಷಿನಲ್ಲಿ ಮಾಡಬೇಕೆಂದು ಗೊತ್ತುಮಾಡಿದರು. ಬರೆದುಕೊಡಿ ಎಂದು ನನ್ನ ಹತ್ತಿರ ಬಂದ. ನಾನು ನನ್ನ ತರಬೇತಿಗೆ ನಿಷ್ಠನಾಗಿ, “ಪತ್ರಿಕೆ ನೋಡು. ಅದರಲ್ಲಿ ದೊಡ್ಡವರನ್ನು ಹೊಗಳಿರುವ ಸುದ್ದಿ ಹುಡುಕು. ಅದರಿಂದ ನೀನೇ ಬರೆ,” ಎಂದೆ. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಅವನು ಮೂರು ದಿನ ಶ್ರದ್ಧೆಯಿಂದ ಹುಡುಕಿದ. ಪತ್ರಿಕೆಯಲ್ಲಿ ದೊಡ್ಡ ಮನುಷ್ಯರ ಸುದ್ದಿ ಬೇಕಾದಷ್ಟಿತ್ತು, ಆದರೆ ಒಬ್ಬೊಬ್ಬರನ್ನೂ ಇನ್ನೊಬ್ಬರು ಬೈದಿದ್ದರು. ಆರಂಭದಿಂದ ಕೊನೆಯವರೆಗೆ ಒಂದೇ ಒಂದು ಕೆಟ್ಟ ಮಾತಿಲ್ಲದೆ ಹೊಗಳಿದ್ದ ಸುದ್ದಿ ಸಿಕ್ಕಿದ್ದು ಒಳಪುಟದಲ್ಲಿ, ಕಪ್ಪು ಚೌಕಟ್ಟಿನೊಳಗೆ. ಹೆಸರು ಮಾತ್ರ ತೆಗೆದು ಅಧಿಕಾರಿಗಳ ಹೆಸರು ಹಾಕಿ, ಮಿಕ್ಕದ್ದನ್ನು ಬಾಯಿಪಾಠ ಮಾಡಿದ.

ಸಭೆಯ ದಿನ ಅಧಿಕಾರಿಗಳಿಗೆ ಚೆಂಡುಹೂವಿನ ಹಾರ ಹಾಕಿ ಕೂರಿಸಿದರು. ಬಾಮೈದ ಮೈಕಿನ ಮುಂದೆ ನಿಂತ. ಇವರು ಸರಳ ಜೀವಿಯಾಗಿದ್ದರು ಎಂದ. ಅಧ್ಯಕ್ಷರು ಚಪ್ಪಾಳೆ ಹೊಡೆದರು, ಊರೂ ಹೊಡೆಯಿತು. ಬಡವರ ಬಂಧುವಾಗಿದ್ದರು ಎಂದ, ಚಪ್ಪಾಳೆ. ಇವರಿಂದಾಗಿ ಸಮಾಜಕ್ಕೆ ತುಂಬಲಾರದ ನಷ್ಟವಾಗಿದೆ ಎಂದ. ಇನ್ನೂ ಜೋರು ಚಪ್ಪಾಳೆ. ಪತ್ನಿ, ಇಬ್ಬರು ಪುತ್ರರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ ಎನ್ನುವಾಗ ನಾನು ಕುರ್ಚಿಯಿಂದ ಅರ್ಧ ಎದ್ದೆ. ನಾನು ಭಾಷಣಕ್ಕೆ ಮೆಚ್ಚಿ ಎದ್ದೆನೆಂದು ತಿಳಿದು ಇಡೀ ಸಭೆ ಎದ್ದು ನಿಂತಿತು. ಅಂತ್ಯಕ್ರಿಯೆ ಸಂಜೆ ನಾಲ್ಕು ಗಂಟೆಗೆ ನೆರವೇರಲಿದೆ ಎಂದು ಹೇಳಿ ಅವನು ಕೈ ಮುಗಿದ.

ಅಧ್ಯಕ್ಷರ ಕಣ್ಣು ಒದ್ದೆಯಾಗಿತ್ತು. ನನ್ನ ಕಿವಿಯ ಹತ್ತಿರ ಬಂದು, “ಮೇಷ್ಟ್ರೇ, ಇಂಗೆ ಇಂಗ್ಲಿಷ್ ಬುಡೋನು ಕಾರ್ಯದರ್ಶಿ ಆಗ್ದೆ ಇನ್ಯಾರ್ರೀ ಆಗ್ಬೇಕು?” ಎಂದರು. ಹಿಂದಿನ ಸಾಲಿನಲ್ಲಿ ಟೆಸ್ಟರಮ್ಮ ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದರು.

ಅಧಿಕಾರಿಗಳು ಹಾರವನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ನನ್ನ ಕಡೆ ಬಾಗಿದರು.

“ಅವರು ನಾಲ್ಕು ಗಂಟೆ ಅಂದ್ರಲ್ವಾ?”

“ಹೌದು ಸಾರ್.”

“ಊಟ ಎಷ್ಟು ಹೊತ್ತಿಗೆ?”

“ಒಂದು ಗಂಟೆಗೆ ಸಾರ್.”

“ಸರಿ ಹಾಗಾದ್ರೆ. ತೊಂದರೆ ಇಲ್ಲ.”

೫. ಹೆಸರು

ಪರೀಕ್ಷೆಗೆ ಅರ್ಜಿ ತುಂಬಲು ಟೆಸ್ಟರಮ್ಮ ಹುಣಸೂರಿಗೆ ಹೋದರು. ಮುಂದಿನ ಬಸ್ಸಿನಲ್ಲಿ ಬಂದು ಸೇರುತ್ತೇನೆಂದಿದ್ದೆ, ಆ ಬಸ್ಸು ಕೆಟ್ಟಿತು. ನಾನು ತಲುಪುವಷ್ಟರಲ್ಲಿ ಅರ್ಜಿ ಒಳಗೆ ಹೋಗಿತ್ತು.

ಅರ್ಜಿಯಲ್ಲಿ, ಮದುವೆಯಾದವರಾದರೆ ಗಂಡನ ಹೆಸರು ಎಂಬ ಕಾಲಮ್ಮಿದೆ. ನಮ್ಮ ಊರುಗಳಲ್ಲಿ ಹೆಂಡತಿ ಗಂಡನ ಹೆಸರು ಹೇಳುವ ಪದ್ಧತಿ ಇರಲಿಲ್ಲ. ಪಡಿತರ ಚೀಟಿಯಿಂದ ಹಿಡಿದು ಆಸ್ಪತ್ರೆಯವರೆಗೆ ಪಕ್ಕದಲ್ಲಿರುವವರು ಯಾರಾದರೂ ಹೇಳಿಬಿಡುತ್ತಿದ್ದರು. ಅಂದು ಪಕ್ಕದಲ್ಲಿ ಯಾರೂ ಇರಲಿಲ್ಲ.

ಗುಮಾಸ್ತರು, “ಹೆಸರು ಹೇಳಿ,” ಎಂದರಂತೆ.

“ನಾನು ಏಳಂಗಿಲ್ಲ ಸಾ.”

“ಬರೀರಿ ಮತ್ತೆ.”

“ಬಾಯಲ್ಲಿ ಏಳ್ಬಾರ್ದು ಅಂದ್ಮೇಲೆ ಕೈಯಲ್ಲಿ ಬರೀಬೌದಾ?”

“ಏನಾದ್ರೂ ಬರ್ದು ತುಂಬಿಸಮ್ಮ. ಕಾಲಂ ಖಾಲಿ ಇರ್ಬಾರ್ದು ಅಷ್ಟೇ.”

ಹಿಂದಿನ ಭಾನುವಾರವಷ್ಟೇ ನಾನು, ಪತ್ರಿಕೆಯವರು ಹೆಸರು ಹೇಳಬಾರದ ಕಡೆ ಏನು ಬರೆಯುತ್ತಾರೆಂದು ಕಲಿಸಿದ್ದೆ. ಟೆಸ್ಟರಮ್ಮನಿಗೆ ನೆನಪಾಯಿತು. ದೊಡ್ಡ ಅಕ್ಷರದಲ್ಲಿ, ಒಂದೂ ತಪ್ಪಿಲ್ಲದೆ ತುಂಬಿಸಿದರು: ಎ ಸೋರ್ಸ್ ಕ್ಲೋಸ್ ಟು ದ ಫ್ಯಾಮಿಲಿ. ಕುಟುಂಬಕ್ಕೆ ಹತ್ತಿರದ ಮೂಲ.

ಹಾಲ್ ಟಿಕೆಟ್ಟಿನಲ್ಲಿ ಅದೇ ಅಚ್ಚಾಗಿ ಬಂತು. ಇದನ್ನು ನೋಡಿ ಪರೀಕ್ಷೆಗೇ ಕೂರಿಸದಿದ್ದರೆ ಏನು ಗತಿ ಎಂದು ಟೆಸ್ಟರಮ್ಮನಿಗೆ ಎರಡು ದಿನ ಊಟ ಸೇರಲಿಲ್ಲ. ನಾನು ಹುಣಸೂರಿಗೆ ಓಡಿದೆ. ಗುಮಾಸ್ತರು ಸಮಾಧಾನವಾಗಿ ಹೇಳಿದರು: “ತಿದ್ದಿಸ್ಬೇಕಾದ್ರೆ ಮೈಸೂರಿಗೆ ಬರೀಬೇಕು, ಅವರು ಬೆಂಗ್ಳೂರಿಗೆ ಬರೀತಾರೆ. ಪರೀಕ್ಷೆ ಮುಗಿದ್ಮೇಲೆ ಉತ್ತರ ಬರುತ್ತೆ. ಅದಕ್ಕಿಂತ ಸುಲಭ, ಗಂಡನೇ ಬಂದು ಈ ಹೆಸರಿನವನು ನಾನೇ ಅಂತ ಒಂದು ಮುಚ್ಚಳಿಕೆ ಬರೆದುಕೊಡಲಿ.”

ಮುಚ್ಚಳಿಕೆ ನಾನೇ ಬರೆದೆ. ಕುಟುಂಬಕ್ಕೆ ಹತ್ತಿರದ ಮೂಲ ಎಂಬ ಹೆಸರಿನಿಂದ ಕರೆಯಲ್ಪಡುವವನು ನಾನೇ, ಬೇರೆ ಯಾರೂ ಅಲ್ಲ. ಟೆಸ್ಟರಮ್ಮನ ಗಂಡ ಹೊಗೆಸೊಪ್ಪಿನ ಹೊಲದಿಂದ ಕೈ ತೊಳೆದುಕೊಂಡು ಬಂದು ಪೆನ್ನು ಹಿಡಿದ. ಸಹಿ ಹಾಕುವ ಮುಂಚೆ ಹೆಂಡತಿಯನ್ನು ಕೇಳಿದ: “ಅದೇನಮ್ಮಿ ಅದು, ಸೋರ್ಸು ಅಂದ್ರೆ?”

“ಮನೆ ಒಳಗ್ಲ ಸುದ್ದಿ ತಗಂಡೋಗಿ ಹೊರಗ್ಲೋರ್ಗೆ ಏಳೋರು.”

ಅವನು ಪೆನ್ನು ಹಿಂದಕ್ಕೆ ಕೊಟ್ಟುಬಿಟ್ಟ. “ಅಂಗಾದ್ರೆ ಅದು ನಾನಲ್ಲ ಕಣ್ ಮೇಷ್ಟ್ರೇ. ನಮ್ಮವ್ವ. ಅವ್ಳ ಕೈಲೇ ಹೆಬ್ಬೆಟ್ಟು ಒತ್ಸಿ.”

೬. ಬೇಲು

ಕೊನೆಗೂ ಗಂಡನಿಂದಲೇ ಸಹಿ ಮಾಡಿಸಿ, ಪರೀಕ್ಷೆಗೆ ಎರಡು ವಾರ ಇದೆ ಎನ್ನುವಾಗ ಟೆಸ್ಟರಮ್ಮನನ್ನು ಅವರ ಮನೆಯಲ್ಲೇ ಒಂದು ಪ್ರಬಂಧ ಬರೆಯಲು ಕೂರಿಸಿದೆ. ಅವರಿಗೆ ಪತ್ರಿಕೆಯ ಪದಗಳೆಲ್ಲ ಬರುತ್ತಿದ್ದವು. ಆದರೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಆ ಪದಗಳು ಮುಗಿದು ಪೆನ್ನು ನಿಲ್ಲುತ್ತಿತ್ತು. ಒಂದೂವರೆ ಪುಟ ಬರೆಯಬೇಕಾದ ಕಡೆ ನಾಲ್ಕು ಸಾಲು. ಟೆಸ್ಟರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಈ ಸಲಾನೂ ಹೋಯ್ತು ಸಾ. ಕುರ್ಚಿ ಅವ್ನಿಗೇ.”

ಇದನ್ನು ಅವರ ಮಾವ ನೋಡುತ್ತ ಕೂತಿದ್ದರು. ಹೊಗೆಸೊಪ್ಪು ವಿಂಗಡಿಸುವುದರಲ್ಲಿ ಹುಣಸೂರು, ಪಿರಿಯಾಪಟ್ಟಣದ ಸೀಮೆಗೆಲ್ಲ ಹೆಸರಾದ ಯಜಮಾನರು. ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸಿದ ಸೊಪ್ಪನ್ನು ಬಣ್ಣ ನೋಡಿ ಬೇರೆ ಮಾಡಿ, ಗೋಣಿಯಲ್ಲಿ ಚೌಕವಾಗಿ ಕಟ್ಟಿ ಹರಾಜಿಗೆ ಇಡುತ್ತಾರೆ. ಅದಕ್ಕೆ ಬೇಲು ಎನ್ನುತ್ತಾರೆ. ಕಂಪನಿಗಳ ಬೈಯರುಗಳು, ಅಂದರೆ ಕೊಳ್ಳುವವರು, ಸಾಲು ಹಿಡಿದು ನಡೆಯುತ್ತ, ಮೇಲಿನ ಎಲೆ ನೋಡಿ ರೇಟು ಕೂಗುತ್ತಾರೆ.

“ಅಳ್ಬ್ಯಾಡ ಸುಮ್ಕಿರವ್ವ,” ಎಂದರು ಯಜಮಾನರು. “ನಾಕೇ ಸಾಲು ಚೆಂದಾಗಿರೋ ಸೊಪ್ಪು ಇದ್ರೆ ಬೇಲು ಕಟ್ಟಕಾಗಕಿಲ್ವಾ? ಎಲ್ಡು ಸಾಲು ಮ್ಯಾಲ್ಗಡೆ ಇಡು. ಎಲ್ಡು ಸಾಲು ಕೆಳ್ಗಡೆ ಇಡು. ಮಧ್ಯಕ್ಕೆ ಕಸ ಕಡ್ಡಿ ಉದುರು ಏನಿದ್ದದೋ ತುಂಬಿ ಹೊಲ್ದಾಕು.”

“ಯಜಮಾನ್ರೇ, ಪೇಪರ್ ನೋಡೋರು ಒಳಗಡೆ ಏನಿದೆ ಅಂತಾನೂ ನೋಡ್ತಾರೆ,” ಎಂದೆ.

“ಬೈಯರ್ ನಿಂತ್ಕಂಡು ನೋಡಕಿಲ್ಲ ಮೇಷ್ಟ್ರೇ, ನಡ್ಕಂಡೇ ಓಯ್ತಾನೆ. ನೂರು ಬೇಲ್ ಇದ್ರೆ ಎಷ್ಟಕ್ಕೆ ಮಧ್ಯಕ್ಕೆ ಕೈ ಆಕ್ತಾನೆ, ನೀವೇ ಏಳಿ?”

ನಾನೂ ವರ್ಷ ವರ್ಷ ಉತ್ತರ ಪತ್ರಿಕೆ ತಿದ್ದುವವನಾದ್ದರಿಂದ ಟೆಸ್ಟರಮ್ಮನ ಪೆನ್ನು ಎತ್ತಿ ಅವರ ಕೈಗೆ ಕೊಟ್ಟೆ.

ಪರೀಕ್ಷೆಯಲ್ಲಿ ‘ನೀವು ಕಂಡ ಒಂದು ಅಪಘಾತ’ ಎಂಬ ಪ್ರಬಂಧ ಬಂದಿತ್ತು. ಹೊರಗೆ ಬಂದ ಟೆಸ್ಟರಮ್ಮ, “ಮಾವ ಏಳ್ದಂಗೇ ಬರುದ್ಬುಟ್ಟೆ ಸಾ,” ಎಂದರು.

“ಮಧ್ಯಕ್ಕೆ ಏನು ತುಂಬಿದಿರಿ?”

“ಅಯ್ಯೋ ಬುಡಿ ಸಾ. ಅದು ಏಳ್ಕಳೋ ಅಂತದ್ದಲ್ಲ. ಕಸ.”

ನನಗೆ ಆಸೆ ಬತ್ತಿಹೋಯಿತು. ಬಾಮೈದ ಮಾತ್ರ ಹೊರಗೆ ಬಂದವನು ನೇರವಾಗಿ ಡೇರಿಗೆ ಹೋಗಿ, ಕಾರ್ಯದರ್ಶಿಗಳ ಕುರ್ಚಿಯಲ್ಲಿ ಕೂತು, ಅದು ಎಷ್ಟು ಸುತ್ತುತ್ತದೆ ಎಂದು ನೋಡಿದ.

ಉತ್ತರ ಪತ್ರಿಕೆ ತಿದ್ದುವುದು ಮೈಸೂರಿನಲ್ಲಿ. ಆ ವರ್ಷ ನನ್ನ ಪಕ್ಕದ ಮೇಜಿಗೆ ಬೆಟ್ಟದಪುರದ ಕಡೆಯ ಮೇಷ್ಟರೊಬ್ಬರು ಬಂದಿದ್ದರು. ಅವರ ಅಪ್ಪನದೂ ಹೊಗೆಸೊಪ್ಪಿನ ಬೇಸಾಯ. ಒಂದು ದಿನ ತಿಂಡಿಯ ಹೊತ್ತಿಗೆ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದು ಕೂತರು. ಮುಖದಲ್ಲಿ ಏನೋ ಬೆಳಕಿತ್ತು.

“ಬೆಳಿಗ್ಗೆ ಒಂದು ಪೇಪರ್ ಬಂತು ಕಣ್ರೀ. ಯಾರದೋ ಗೊತ್ತಿಲ್ಲ. ಅಪಘಾತದ ಪ್ರಬಂಧ. ಮೊದಲನೇ ಎರಡು ಸಾಲು ಓದಿ ಎದ್ದು ನಿಲ್ಲೋಣ ಅನ್ನಿಸ್ತು. ಅಧಿಕೃತ ಮೂಲಗಳು ದೃಢಪಡಿಸಿವೆ, ಸಚಿವರು ಕಟುವಾಗಿ ಖಂಡಿಸಿದ್ದಾರೆ, ಏನ್ ಕತೆ! ಕೊನೇ ಎರಡು ಸಾಲೂ ಹಂಗೇ ಫಳಫಳ. ಆವಾಗ ಅನುಮಾನ ಬಂತು. ನಮ್ಮಪ್ಪ ಕಟ್ತಾ ಇದ್ದ ಬೇಲ್ ನೆನಪಾಯ್ತು. ಮಧ್ಯಕ್ಕೆ ಕೈ ಹಾಕಿದೆ.”

ನನ್ನ ಬಾಯಲ್ಲಿದ್ದ ಉಪ್ಪಿಟ್ಟು ಅಲ್ಲೇ ನಿಂತಿತು. “ಏನಿತ್ತು?”

“ಹಾಲು.”

“ಹಾಲು?”

“ಕೇಳಿ ಇಲ್ಲಿ, ಅವರು ಬರೆದದ್ದು: ‘ನಾನು ಐದು ಗಂಟೆಗೆ ಏಳುತ್ತೇನೆ. ಕ್ಯಾನು ತೊಳೆಯುತ್ತೇನೆ. ಜನ ಹಾಲು ತರುತ್ತಾರೆ. ಒಂದು ದಿನ ಒಂದು ಕ್ಯಾನು ಜಗಲಿಯಿಂದ ಉರುಳಿತು. ಹಾಲು ರಸ್ತೆಗೆ ಹರಿಯಿತು. ಒಂದು ನಾಯಿ ಬಂತು. ಮೂಸಿ ನೋಡಿತು. ಕುಡಿಯಲಿಲ್ಲ. ಅದು ಯಾರ ಮನೆಯ ಹಾಲು ಎಂದು ನನಗೆ ಗೊತ್ತಾಯಿತು.’ ಹಿಂಗೇ ಒಂದು ಪುಟ ಕಣ್ರೀ! ಪುಟ್ಟಪುಟ್ಟ ವಾಕ್ಯ, ಎಲ್ಲೂ ಒಂದು ತಪ್ಪಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ಇಂಥಾ ಇಂಗ್ಲಿಷ್ ತಿದ್ದಿಲ್ಲ. ಮೇಲಿನದಕ್ಕೂ ಕೆಳಗಿನದಕ್ಕೂ ಸೊನ್ನೆ ಹಾಕಿದೆ. ಮಧ್ಯಕ್ಕೆ ಪೂರ್ತಿ ಕೊಟ್ಟೆ.”

ನಾನು ಅಂದು ಎರಡು ತಟ್ಟೆ ಉಪ್ಪಿಟ್ಟು ತಿಂದೆ.

ಫಲಿತಾಂಶ ಬಂತು. ಟೆಸ್ಟರಮ್ಮನಿಗೆ ಇಂಗ್ಲಿಷಿನಲ್ಲಿ ಮೂವತ್ತೊಂಬತ್ತು. ಬಾಮೈದನ ಅಂಕ ಕೇಳಿದವರಿಗೆ ಅಧ್ಯಕ್ಷರು, ಪೇಪರ್ ಅದಲುಬದಲಾಗಿದೆ ಎಂದರು. ಕುರ್ಚಿ ಟೆಸ್ಟರಮ್ಮನದಾಯಿತು. ಮೊದಲ ದಿನ ಅವರು ಕಾರ್ಯದರ್ಶಿಯಾಗಿ ಮಾಡಿದ ಮೊದಲ ಕೆಲಸವೆಂದರೆ ಅಧ್ಯಕ್ಷರ ಮನೆಯ ಹಾಲನ್ನು ಹಾಗೇ ವಾಪಸು ಕಳಿಸಿದ್ದು.

ಟೆಸ್ಟರಮ್ಮನ ಮನೆಯಲ್ಲಿ ಒಬ್ಬಟ್ಟಿನ ಊಟ. ಯಜಮಾನರು ಜಗಲಿಯ ನಡುವೆ ಕೂತು, ಬೇಲು ಕಟ್ಟುವ ವಿದ್ಯೆಯಿಂದ ಸೊಸೆಯನ್ನು ಪಾಸು ಮಾಡಿಸಿದ್ದನ್ನು ಬಂದವರಿಗೆಲ್ಲ ಹೇಳುತ್ತಿದ್ದರು. ನನ್ನೊಳಗಿನ ಮೇಷ್ಟರಿಗೆ ಸುಮ್ಮನಿರಲಾಗಲಿಲ್ಲ. ಹತ್ತಿರ ಹೋಗಿ, ಮೆಲ್ಲಗೆ, ನಡೆದದ್ದನ್ನೆಲ್ಲ ಹೇಳಿದೆ.

ಯಜಮಾನರು ಕೈಯಲ್ಲಿದ್ದ ಒಬ್ಬಟ್ಟನ್ನು ಎಲೆಗೆ ಇಟ್ಟರು.

“ಮ್ಯಾಲ್ಗಡೇದು ಬ್ಯಾಡ ಅಂದ್ನಾ?”

“ಬೇಡ ಅಂದ್ರು.”

“ಕೆಳ್ಗಡೇದೂ?”

“ಅದೂ ಬೇಡ.”

“ಮಧ್ಯಕ್ಕೆ ಕೈ ಆಕಿ, ಕಣ್ಣಾರೆ ನೋಡಿ, ಕಸನೇ ಬೇಕು ಅಂತ ಪೂರಾ ರೇಟ್ ಕೊಟ್ಟು ತಗಂಡ್ನಾ?”

“ತಗೊಂಡ್ರು ಯಜಮಾನ್ರೇ.”

ಅವರು ಚೊಂಬಿನ ನೀರಿನಲ್ಲಿ ಕೈ ತೊಳೆದುಕೊಂಡರು. ನನ್ನ ಮಾತಿನಿಂದ ನೊಂದುಕೊಂಡರೇನೋ ಎಂದು ನಾನು ಪೇಚಾಡುತ್ತಿರುವಾಗ, ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

“ನಲವತ್ತು ವರ್ಸದಿಂದ ಇಂತಾ ಒಬ್ಬ ಬೈಯರ್ಗೆ ಕಾಯ್ತಾ ಇವ್ನಿ ಮೇಷ್ಟ್ರೇ. ಯಾವ ಕಂಪ್ನಿಯೋನು ಏಳ್ಬುಡಿ.”